ಬೀಮ್ ಜೋತಿದೆ, ಬೀಳುತ್ತಾ ಅಂದ್ರಲ್ಲ...

ಸರ್, 6 ಮೀಟರ್ ಬೀಮ್, 12 ಇಂಚು ಆಳ, 2 ವರ್ಷದಲ್ಲಿ ಮಧ್ಯೆ 15 ಮಿ.ಮೀ. ಜೋತಿದೆ, ಮೇಲಿನ ಗೋಡೆ ಬಿರುಕು ಬಿಟ್ಟಿದೆ ಅಂತ ಬರೆದಿದ್ದೀರಿ. ಐಎಸ್ 456 (ಕಾಂಕ್ರೀಟ್ ಕಟ್ಟಡಗಳ ಭಾರತೀಯ ಕೋಡ್) ಪ್ರಕಾರ ಒಟ್ಟು ಬಾಗು ಸ್ಪ್ಯಾನ್‌ನ (ಎರಡು ಆಸರೆಗಳ ನಡುವಿನ ಉದ್ದ) 250ನೇ ಒಂದು ಭಾಗ ಮೀರಬಾರದು, ಅಂದ್ರೆ ನಿಮಗೆ 24 ಮಿ.ಮೀ. ಗೋಡೆ ಕಟ್ಟಿದ ಮೇಲೆ ಆಗುವ ಬಾಗಿಗೆ ಮಿತಿ ಬೇರೆ, ಸುಮಾರು 17. ಹಾಗಾಗಿ ಮಿತಿಯೊಳಗೇ ಇದೆ, ಆದ್ರೆ ಅಂಚಿನಲ್ಲಿ.

ನನಗೆ ಅನುಮಾನ ಬಂದದ್ದು ಎಂಟೇ ದಿನಕ್ಕೆ ಸೆಂಟ್ರಿಂಗ್ (ಕಾಂಕ್ರೀಟ್ ಹೊಯ್ಯಲು ಕೊಟ್ಟ ಹಲಗೆ, ಆಸರೆ) ಬಿಚ್ಚಿದ್ರು ಅನ್ನೋ ಮಾತಿಗೆ. ಈ ಸ್ಪ್ಯಾನ್‌ಗೆ 14 ದಿನವಾದ್ರೂ ಮುಟ್ಟು (ಅಡಿಯಿಂದ ಕೊಡೋ ಆಸರೆ ಕಂಬ) ಇರಬೇಕು. ಎಳೇ ಕಾಂಕ್ರೀಟ್ ಮೇಲೆ ಭಾರ ಬಿದ್ರೆ ಅದು ವರ್ಷಗಟ್ಟಲೆ ನಿಧಾನವಾಗಿ ಬಾಗ್ತಾನೇ ಇರುತ್ತೆ (ಇದಕ್ಕೆ ಕ್ರೀಪ್ ಅಂತಾರೆ). ಕೋಡ್‌ನಲ್ಲಿ ಕ್ರೀಪ್ ಗುಣಾಂಕ (ಹೆಚ್ಚಿದ್ದಷ್ಟೂ ಬಾಗು ಜಾಸ್ತಿ) 7 ದಿನಕ್ಕೆ ಭಾರ ಬಿದ್ರೆ 2.2, 28 ದಿನಕ್ಕೆ ಬಿದ್ರೆ 1.6. ಜೊತೆಗೆ 12 ಇಂಚು ಕಮ್ಮಿಯೇ ಆಯ್ತು. 15 ಇಂಚು ಮಾಡಿದ್ರೆ ಬಿಗಿ (ಬಾಗದೆ ತಡೆಯೋ ಗುಣ) ಹತ್ತಿರಹತ್ತಿರ ಎರಡರಷ್ಟು! ಮೇಸ್ತ್ರಿಗಳು ಕಂಬಿ ಜಾಸ್ತಿ ಹಾಕಿದೀನಿ ಅಂತಾರೆ, ಬಾಗಿಗೆ ಕಂಬಿಗಿಂತ ಆಳ ಮುಖ್ಯ.

ಈಗ ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಚೂರು ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಖು ಬರೀರಿ. ಗಾಜು ಒಡೆದ್ರೆ ಬಿರುಕು ಇನ್ನೂ ಓಡ್ತಿದೆ. ಬೀಮ್ ಅಡಿಗೆ ದಾರ ಬಿಗಿದು ತಿಂಗಳಿಗೊಮ್ಮೆ ಅಳೀರಿ, ಅದೇ ಜಾಗದಲ್ಲಿ. ಯಾಕಂದ್ರೆ ಕಾಂಕ್ರೀಟ್ ಹೊಯ್ಯುವಾಗಲೇ ಹಲಗೆ ಜೋತಿದ್ರೂ ಈ 15 ಮಿ.ಮೀ. ಬರುತ್ತೆ; ಈಗಲೂ ಜೋಲ್ತಿದೆಯಾ ಅನ್ನೋದು ಅಳತೆಯಿಂದಲೇ ಗೊತ್ತಾಗೋದು.

ಕಂಬದ ಹತ್ತಿರ ಬೀಮ್‌ನಲ್ಲೇ ಓರೆ ಬಿರುಕು ಕಂಡ್ರೆ ಮಾತ್ರ ಕಾಯಬೇಡಿ, ಅವತ್ತೇ ಮುಟ್ಟು ಕೊಟ್ಟು ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ.