ತಡವಾಗಿ ತಂದರೆ ಅಂಕ ಕಡಿತ ಬೇಕಾ?

ಹೋಮ್‌ವರ್ಕ್ ತಡವಾಗಿ ತರುವವರಿಗೆ ಅಂಕ ಕಡಿತ ಮಾಡಲೇ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ. 10ಕ್ಕೆ 9 ಬರುವಷ್ಟು ಗಣಿತ ಗೊತ್ತಿರುವ ಹುಡುಗನಿಗೆ ಎರಡು ದಿನ ತಡ ಅಂತ 6 ಕೊಟ್ಟರೆ, ಆ 6 ಗಣಿತದ್ದೂ ಅಲ್ಲ, ಶಿಸ್ತಿನದ್ದೂ ಅಲ್ಲ, ಅಲ್ವಾ?

ಕೆನಡಾದ ಒಂಟಾರಿಯೊದಲ್ಲಿ 2010ರ ನೀತಿಯಂತೆ ಜವಾಬ್ದಾರಿ, ಅಚ್ಚುಕಟ್ಟು, ಸ್ವಂತವಾಗಿ ಕೆಲಸ ಮಾಡುವುದು, ಜೊತೆಗೂಡಿ ಮಾಡುವುದು, ತಾನಾಗಿ ಮುಂದೆ ಬರುವುದು, ತನ್ನನ್ನು ತಾನೇ ತಿದ್ದಿಕೊಳ್ಳುವುದು ಅಂತ ಆರು ವಿಷಯಗಳನ್ನು ರಿಪೋರ್ಟ್ ಕಾರ್ಡಿನಲ್ಲಿ ಬೇರೆಯಾಗಿಯೇ ತೋರಿಸುತ್ತಾರೆ, ಅಂಕದ ಬದಲು ನಾಲ್ಕು ದರ್ಜೆಗಳಲ್ಲಿ. (ಅಲ್ಲೂ ಮೇಲಿನ ತರಗತಿಗಳಲ್ಲಿ ತಡಕ್ಕೆ ಅಂಕ ಕಡಿತ ಮಾಡಲು ಅವಕಾಶವಿದೆ, ಅದು ಬೇರೆ ಮಾತು.)

ಆದರೆ ದರ್ಜೆ ಕೊಡುವ ಮೊದಲು ಆ ಅಭ್ಯಾಸ ಕಲಿಸಿದ್ದೀರಾ ನೋಡಿ. ನನ್ನ ತರಗತಿಯಲ್ಲಿ ಒಬ್ಬಳು ಯಾವಾಗಲೂ ತಡ. ಒಂದು ದಿನ ಪುಸ್ತಕ ಬಿಡಿಸಿದರೆ ಶೀರ್ಷಿಕೆಗೆ ಎರಡು ಬಣ್ಣದಲ್ಲಿ ಗೆರೆ ಎಳೆದಿದ್ದಾಳೆ, ಕೆಳಗೆ ಪುಟ ಪೂರ್ತಿ ಖಾಲಿ! ಸೋಮಾರಿತನ ಅಲ್ಲ, ಎಲ್ಲಿಂದ ಶುರು ಮಾಡಬೇಕು ಅನ್ನೋದೇ ಗೊತ್ತಿರಲಿಲ್ಲ. ಆಮೇಲೆ ಗಂಟೆ ಹೊಡೆಯುವ ಮುಂಚೆ ಮೊದಲ ವಾಕ್ಯ ನನ್ನೆದುರೇ ಬರೆಸುತ್ತಿದ್ದೆ. ತಡ ಆಗೋದು ಬಹಳ ಕಡಿಮೆಯಾಯಿತು.

ಷರಾ ಬರೆಯುವಾಗಲೂ ಸುಮ್ನೆ 'ಬೇಜವಾಬ್ದಾರಿ' ಅನ್ನಬೇಡಿ. 'ಐದರಲ್ಲಿ ಮೂರು ಸಲ ಅರ್ಧಕ್ಕೆ ನಿಲ್ಲಿಸಿದ್ದಾನೆ' ಅಂತ ಕಂಡದ್ದನ್ನೇ ಬರೆಯಿರಿ, ಅದಕ್ಕೆ ತಾರೀಖು ಹಾಕಿಟ್ಟ ಒಂದು ಸಣ್ಣ ನೋಟ್‌ಬುಕ್ ಸಾಕು.