ಗೋಡೆ ಕೆಡವಿ, ಕೊಬ್ಬರಿ ಎಣ್ಣೆಯಿಂದ ಶುರು ಮಾಡಿ

ಮೇಷ್ಟ್ರಿಗೆ ನಮಸ್ಕಾರ.

ತಿಪಟೂರಿನಿಂದ ನೀವು ಕಳಿಸಿದ 'ಜೀವಕೋಶದ ಕೋಟೆಗೋಡೆ' ಓದಿದೆವು. ಏಳನೇ ತರಗತಿಯ ಮಕ್ಕಳಿಗೆ ಜೀವಕೋಶವನ್ನು ಸುತ್ತುವರಿದ ತೆಳು ಹೊದಿಕೆಯಾದ ಕೋಶಪೊರೆಯ ಅಣುಗಳ ಬಗ್ಗೆ ಬರೆಯುವವರು ಕಮ್ಮಿ, ಹಾಗಾಗಿ ಬಿಡಲು ಮನಸ್ಸಿಲ್ಲ. ಆದರೆ ಈಗಿರುವ ಹಾಗೆ ಅಚ್ಚು ಹಾಕುವಂತಿಲ್ಲ. ಭಾಷೆ ಚೆನ್ನಾಗಿದೆ, ಪೊರೆಯನ್ನು ಕೋಟೆಗೋಡೆ ಎಂದ ಹೋಲಿಕೆ ಕೆಟ್ಟಿದೆ.

ಗಿಡದ ಕೋಶಕ್ಕೆ ಪೊರೆಯಾಚೆ ನಿಜವಾದ ಗೋಡೆಯೇ ಇದೆ: ಸೆಲ್ಯುಲೋಸಿನ ಕೋಶಭಿತ್ತಿ. ಪೊರೆಯನ್ನೂ ಗೋಡೆ ಅಂದರೆ ಮಗು ಎರಡನ್ನೂ ಕಲಸಿಕೊಳ್ಳುತ್ತದೆ. ಜೊತೆಗೆ ಗೋಡೆಯನ್ನು ಯಾರಾದರೂ ಕಟ್ಟಬೇಕು, ಇಟ್ಟ ಇಟ್ಟಿಗೆ ಅಲ್ಲೇ ಇರಬೇಕು. ಪೊರೆಯನ್ನು ರೂಪಿಸುವ, ಒಂದು ತಲೆ ಎರಡು ಬಾಲದ ಫಾಸ್ಫೋಲಿಪಿಡ್ ಅಣುಗಳು ಹಾಗಲ್ಲ. ನೀರಿನಲ್ಲಿ ತಾವಾಗಿಯೇ ಎರಡು ಪದರವಾಗಿ ನಿಲ್ಲುತ್ತವೆ, ನಿಂತ ಮೇಲೂ ಅಕ್ಕಪಕ್ಕ ಜಾರುತ್ತಲೇ ಇರುತ್ತವೆ. ನಿಮ್ಮ ಲೇಖನದ ಜೀವ ಇರಬೇಕಾದದ್ದು ಇಲ್ಲಿ. ನೀವು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

'ಬಾಲ ನೀರನ್ನು ದ್ವೇಷಿಸುತ್ತದೆ' ಎಂಬುದನ್ನು ಹೊಡೆದುಹಾಕಿ. ಅಣುವಿಗೆ ದ್ವೇಷವಿಲ್ಲ. ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ವಿದ್ಯುದಾವೇಶವಿರುವ ತಲೆ ಆ ಹಿಡಿತದೊಳಗೆ ಸೇರಿಕೊಳ್ಳುತ್ತದೆ, ಎಣ್ಣೆಯಂಥ ಬಾಲ ಸೇರಲಾರದು. ಹೀಗೆ ಹೊರಗುಳಿದ ಬಾಲಗಳು ನಡುವೆ ಒತ್ತಟ್ಟಿಗೆ ಬರುತ್ತವೆ.

'ಪೊರೆ ಎಣ್ಣೆಯಿಂದಾಗಿದೆ' ಎಂಬುದೂ ಅರ್ಧ ಸತ್ಯ. ಎಣ್ಣೆಯಲ್ಲಿ ಗ್ಲಿಸರಾಲ್ ಎಂಬ ಚಿಕ್ಕ ಅಣುವಿಗೆ ಮೂರು ಕೊಬ್ಬಿನಾಮ್ಲದ ಬಾಲ. ಫಾಸ್ಫೋಲಿಪಿಡ್‌ನಲ್ಲಿ ಎರಡೇ ಬಾಲ, ಮೂರನೆಯದರ ಜಾಗದಲ್ಲಿ ಫಾಸ್ಫೇಟಿನ ತಲೆ. ಆ ತಲೆ ಇಲ್ಲದ್ದಕ್ಕೇ ಎಣ್ಣೆ ಹನಿಗಟ್ಟಿ ತೇಲುತ್ತದೆ, ಪೊರೆಯಾಗುವುದಿಲ್ಲ.

ಬಾಲದ ವಿಷಯಕ್ಕೆ ಮಾತ್ರ ಎಣ್ಣೆಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ, ಅದೂ ನಿಮ್ಮೂರಲ್ಲಿ! ಧನುರ್ಮಾಸದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟ್ಲಿಯಲ್ಲೇ ಹೆಪ್ಪುಗಟ್ಟಿರುತ್ತದೆ, ಪಕ್ಕದ ಕಡಲೆಕಾಯಿ ಎಣ್ಣೆ ಹರಿಯುತ್ತಿರುತ್ತದೆ. ಕೊಬ್ಬರಿ ಎಣ್ಣೆಯ ಬಾಲಗಳು ಹೆಚ್ಚಾಗಿ ನೆಟ್ಟಗಿದ್ದು ಒತ್ತೊತ್ತಾಗಿ ಕೂರುತ್ತವೆ, ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತವೆ. ಕಡಲೆಕಾಯಿ ಎಣ್ಣೆಯವಕ್ಕೆ ನಡುವೆ ಸೊಟ್ಟ ಇದೆ, ಒತ್ತಿ ಕೂರಲಾಗದು. ಪೊರೆಯಲ್ಲಿ ಎರಡೂ ಬಗೆಯ ಬಾಲಗಳಿರುವುದರಿಂದ ಅದು ಹೆಪ್ಪುಗಟ್ಟದೆ, ಹರಿದೂ ಹೋಗದೆ ಇರುತ್ತದೆ. ಲೇಖನ ಈ ಬಾಟ್ಲಿಯಿಂದಲೇ ಶುರುವಾಗಲಿ.

ಥರ್ಮೋಕೋಲ್ ಮಾದರಿ ಬೇಡ. ಗೋಲಿ ಗಾತ್ರದ 24 ಜೇಡಿಮಣ್ಣಿನ ಉಂಡೆ, 5 ಸೆಂ.ಮೀ. ಉದ್ದದ 48 ತೆಂಗಿನ ಗರಿಯ ಕಡ್ಡಿ ಸಾಕು. ಉಂಡೆ ತಲೆ, ಕಡ್ಡಿ ಬಾಲ: ಒಂದು ಉಂಡೆಗೆ ಎರಡು ಕಡ್ಡಿ. ಹಸಿ ಗರಿಯದೇ ಆಗಬೇಕು, ಪೊರಕೆಯ ಒಣ ಕಡ್ಡಿ ಬಗ್ಗಿಸಿದರೆ ಮುರಿಯುತ್ತದೆ. ಹನ್ನೆರಡರಂತೆ ಎರಡು ಸಾಲು, ಕಡ್ಡಿಗಳು ಎದುರುಬದುರು. ಮಕ್ಕಳು ಉಂಡೆಗಳನ್ನೇ ಒಳಗೆ ತಿರುಗಿಸಿಡುವುದುಂಟು. 'ನೀರು ಯಾವ ಕಡೆ ಇದೆ?' ಎಂದು ಕೇಳಿದರೆ ತಾವೇ ತಿದ್ದಿಕೊಳ್ಳುತ್ತಾರೆ. ಆಮೇಲೆ ಎಂಟು ಉಂಡೆಗಳಲ್ಲಿ ಒಂದೊಂದು ಕಡ್ಡಿ ಬಗ್ಗಿಸಲಿ, ಸಾಲು ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ. ಗೋಂದು ಹಚ್ಚಬೇಡಿ, ಅಣುಗಳು ಜಾರುವುದೇ ಮುಖ್ಯ.

ವಿನಿಗರ್‌ನಲ್ಲಿ ಮೊಟ್ಟೆ ನೆನೆಸಿ 'ಇದೇ ಕೋಶಪೊರೆ' ಎಂದು ತೋರಿಸುವ ಭಾಗವನ್ನು ಪೂರ್ತಿ ತೆಗೆಯಿರಿ. ಚಿಪ್ಪು ಕರಗಿದ ಮೇಲೆ ಉಳಿಯುವುದು ಪ್ರೋಟೀನ್ ನಾರಿನ ಪೊರೆ. ನಿಮಗೆ ಬೇಕಾದ ಫಾಸ್ಫೋಲಿಪಿಡ್ ಹೇರಳವಾಗಿರುವುದು ಹಳದಿ ಲೋಳೆಯಲ್ಲಿ, ಲೆಸಿಥಿನ್ ರೂಪದಲ್ಲಿ.

'ಕೂದಲಿನಷ್ಟು ತೆಳು' ಎಂದಿದ್ದೀರಿ. ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್. 0.1 ಮಿ.ಮೀ. ದಪ್ಪದ ಕಾಗದಕ್ಕೆ ಸಮವಾಗಲು 20,000 ಪೊರೆ ಪೇರಿಸಬೇಕು. ಪೊರೆಗೆ ಎರಡು ಪದರವೆಂದು ತಿಳಿದ ಇಸವಿಯೂ ತಪ್ಪಿದೆ. ಕೆಂಪು ರಕ್ತಕಣದ ಕೊಬ್ಬನ್ನು ನೀರಿನ ಮೇಲೆ ಹರಡಿ, ಪೊರೆ ಎರಡು ಪದರದ್ದೆಂದು ವಿಜ್ಞಾನಿಗಳಾದ ಗೋರ್ಟರ್ ಮತ್ತು ಗ್ರೆಂಡೆಲ್ ಹೇಳಿದ್ದು 1925ರಲ್ಲಿ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಮುಂದಿಟ್ಟದ್ದು, ಆ ಪದರಗಳಲ್ಲಿ ಪ್ರೋಟೀನುಗಳು ತೇಲುತ್ತವೆಂಬ ಮಾದರಿ.

ತಿದ್ದಿದ ಪ್ರತಿ 600 ಪದ ದಾಟದಿರಲಿ. ಚಿತ್ರ ನಾವು ಬರೆಸುತ್ತೇವೆ. ಕಡ್ಡಿ ಬಗ್ಗಿಸುವ ಮೊದಲಿನದೊಂದು, ಆಮೇಲಿನದೊಂದು ಫೋಟೊ ಮಾತ್ರ ಕಳಿಸಿ.