ಮನೆಮಂದಿಯೆಲ್ಲ ಕೂತು ನಗೋಕೆ 'ಕ್ಲೌಸ್' ನೋಡಿ

ಏಳು ಮತ್ತು ಹತ್ತು ವರ್ಷದ ಮಕ್ಕಳ ಜೊತೆ ಕೂತು ನೋಡೋಕೆ ನಗಿಸುವ ಅನಿಮೇಷನ್ ಸಿನಿಮಾ ಬೇಕು, ಒಳ್ಳೆಯತನದ ಬಗ್ಗೆ ಇರಬೇಕು, ಆದರೆ ಉಪದೇಶ ಇರಬಾರದು ಅಂತ ಕೇಳಿದ್ದೀರಿ. ನಾನು 'ಕ್ಲೌಸ್' ನೋಡಿ ಅಂತೀನಿ. 2019ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಇದೆ. ನಮ್ಮ ಮನೆಯಲ್ಲಿ ಮೂರು ಸಲ ನೋಡಿದ್ದೇವೆ.

ಜೆಸ್ಪರ್ ಅನ್ನೋನು ಅಂಚೆ ಇಲಾಖೆಯ ದೊಡ್ಡ ಸಾಹೇಬರ ಮಗ. ಮೈ ಬಗ್ಗಿಸಿ ಒಂದು ಕೆಲಸ ಮಾಡಿದವನಲ್ಲ. ಅಪ್ಪನಿಗೆ ಸಾಕಾಗಿ, ಉತ್ತರದ ತುದಿಯಲ್ಲಿರುವ ಸ್ಮೀರೆನ್ಸ್‌ಬರ್ಗ್ ಅನ್ನೋ ಹಿಮದ ಊರಿಗೆ ಅವನನ್ನು ಪೋಸ್ಟ್‌ಮ್ಯಾನ್ ಮಾಡಿ ಅಟ್ಟುತ್ತಾರೆ. ಒಂದು ವರ್ಷದಲ್ಲಿ 6,000 ಕಾಗದಗಳು ಅವನ ಕೈ ದಾಟಬೇಕು. ಇಲ್ಲದಿದ್ದರೆ ಆಸ್ತಿಯಲ್ಲಿ ಬಿಡಿಗಾಸೂ ಇಲ್ಲ. ಆ ಊರಲ್ಲೋ ಕಾಗದ ಬರೆಯುವವರೇ ಇಲ್ಲ. ಕ್ರಮ್ ಮತ್ತು ಎಲಿಂಗ್‌ಬೋ ಅನ್ನೋ ಎರಡು ಮನೆತನಗಳು ತಲೆತಲಾಂತರದಿಂದ ಹೊಡೆದಾಡುತ್ತಿವೆ. ಊರಿಗೆ ಕಾಲಿಟ್ಟ ದಿನವೇ ದೋಣಿಯವನ ಮಾತು ನಂಬಿ ಜೆಸ್ಪರ್ ನಡುಬೀದಿಯ ಗಂಟೆ ಬಾರಿಸುತ್ತಾನೆ. ಸ್ವಾಗತಕ್ಕೆ ಜನ ಬರುತ್ತಾರೆ ಅಂದುಕೊಂಡಿರುತ್ತಾನೆ. ಅದು ಜಗಳಕ್ಕೆ ಕರೆಯುವ ಗಂಟೆ! ನಿಮ್ಮ ಮಕ್ಕಳು ಅಲ್ಲಿಂದಲೇ ಬಿದ್ದು ಬಿದ್ದು ನಗುತ್ತಾರೆ.

ಒಂದು ಮನೆತನದ ಮಕ್ಕಳ ಜೊತೆ ಇನ್ನೊಂದು ಮನೆತನದ ಮಕ್ಕಳು ಕೂರಬಾರದು ಅಂತ ಊರವರು ಯಾರನ್ನೂ ಶಾಲೆಗೆ ಕಳಿಸೋದಿಲ್ಲ. ಹಾಗಾಗಿ ಆಲ್ವಾ ಅನ್ನೋ ಟೀಚರ್ ತರಗತಿಯಲ್ಲೇ ಮೀನು ಮಾರುತ್ತಿದ್ದಾಳೆ. ಮೀನು ಕೊಯ್ಯುವ ಕತ್ತಿ, ಹಿಂದೆ ಕರಿಹಲಗೆ. ದ್ವೇಷ ಊರನ್ನು ಏನು ಮಾಡುತ್ತದೆ ಅಂತ ಆ ಒಂದು ಚಿತ್ರದಲ್ಲೇ ಗೊತ್ತಾಗುತ್ತದೆ.

ಊರಾಚೆ ಕಾಡಿನಲ್ಲಿ ಕ್ಲೌಸ್ ಅನ್ನೋ ಮುದುಕನಿದ್ದಾನೆ. ಮಾತು ಕಮ್ಮಿ. ಮನೆ ತುಂಬ ತಾನೇ ಮಾಡಿದ ಆಟಿಕೆಗಳು. ಕಾಗದ ಬರೆದರೆ ಆಟಿಕೆ ಸಿಗುತ್ತದೆ ಅಂತ ಜೆಸ್ಪರ್ ಮಕ್ಕಳಿಗೆ ಹೇಳುತ್ತಾನೆ. ಅವನಿಗೆ ಬೇಕಿರೋದು ತನ್ನ ಲೆಕ್ಕ ತುಂಬೋದಷ್ಟೇ. ಮಕ್ಕಳಿಗೆ ಬೇಕಿರೋದು ಆಟಿಕೆ. ಆದರೆ ಬರೆಯೋಕೆ ಅಕ್ಷರ ಬರಬೇಕಲ್ಲ, ಅದಕ್ಕೆ ಶಾಲೆಗೆ ಬರುತ್ತಾರೆ. ಒಳ್ಳೆಯ ಮಕ್ಕಳಿಗೆ ಮಾತ್ರ ಕೊಡೋದು ಅಂತ ಕೇಳಿ ಪಕ್ಕದ ಮನೆಯವರಿಗೆ ಸಹಾಯ ಮಾಡೋಕೆ ಶುರು ಮಾಡುತ್ತಾರೆ. ದೊಡ್ಡವರು ಮೊದಲು ಅನುಮಾನದಿಂದ ನೋಡುತ್ತಾರೆ, ಆಮೇಲೆ ತಾವೂ ಏನಾದರೂ ಕೊಡುತ್ತಾರೆ.

ನನಗೆ ತುಂಬ ಹಿಡಿಸಿದ್ದು ಇದೇ. ಕ್ಲೌಸ್ ಒಬ್ಬನನ್ನು ಬಿಟ್ಟರೆ ಇಲ್ಲಿ ಯಾರೂ ಒಳ್ಳೆಯ ಮನಸ್ಸಿನಿಂದ ಒಳ್ಳೆಯದು ಶುರು ಮಾಡೋದಿಲ್ಲ. ಮೊದಲು ಕೈ ಮಾಡುತ್ತದೆ, ಮನಸ್ಸು ಹಿಂದಿನಿಂದ ಬರುತ್ತದೆ. ನಾವು ಮಕ್ಕಳಿಗೆ ಹೇಳುವಾಗ ಇದನ್ನು ಉಲ್ಟಾ ಹೇಳುತ್ತೇವೆ, ಅಲ್ವಾ? "ಮನಸ್ಸಿನಿಂದ ಸಾರಿ ಹೇಳು" ಅಂತೀವಿ. ಚಿಕ್ಕ ಮಗುವಿಗೆ ಅದು ಕಷ್ಟ. ತಮ್ಮನ ಶೂ ಹುಡುಕಿಕೊಡು ಅಂದರೆ ಮಾಡುತ್ತದೆ.

ಮಾರ್ಗು ಅನ್ನೋ ಪುಟ್ಟ ಹುಡುಗಿಗಂತೂ ಕಾಯುತ್ತಿರಿ. ಅವಳು ಸಾಮಿ ಜನಾಂಗದವಳು. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಉತ್ತರ ಭಾಗದಲ್ಲಿ, ರಷ್ಯಾದ ಒಂದು ಮೂಲೆಯಲ್ಲಿ ಇರುವ ಮೂಲನಿವಾಸಿಗಳು ಅವರು. ಅವಳು ಪಟಪಟ ಅಂತ ತನ್ನ ಭಾಷೆಯಲ್ಲೇ ಮಾತಾಡುತ್ತಾಳೆ. ಜೆಸ್ಪರ್‌ಗೆ ಒಂದಕ್ಷರ ತಿಳಿಯೋದಿಲ್ಲ, ನಮಗೂ ಇಲ್ಲ. ನನ್ನ ಮಗಳು ಮೊದಲು "ಅಮ್ಮ, ಏನಂತಿದ್ದಾಳೆ?" ಅಂದಳು. ಎರಡೇ ನಿಮಿಷಕ್ಕೆ ಅವಳೇ ನನಗೆ ಅರ್ಥ ಹೇಳೋಕೆ ಶುರು ಮಾಡಿದಳು! ಆ ಹುಡುಗಿಗಾಗಿ ಜೆಸ್ಪರ್ ಮತ್ತು ಕ್ಲೌಸ್ ಹಿಮದ ಮೇಲೆ ಜಾರುವ ಬಂಡಿ ಮಾಡುತ್ತಾರೆ. ಬೆಳಿಗ್ಗೆ ಅವಳ ಮುಖ ನೋಡುವಾಗ ಜೆಸ್ಪರ್‌ಗೆ ತನ್ನ 6,000ದ ಲೆಕ್ಕ ನೆನಪೇ ಇಲ್ಲ. ಅಲ್ಲಿ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ನಿರ್ದೇಶಕ ಸರ್ಹಿಯೊ ಪಾಬ್ಲೊಸ್. ಮಿನಿಯನ್‌ಗಳು ಬರುವ 'ಡೆಸ್ಪಿಕಬಲ್ ಮಿ'ಯ ಮೂಲ ಕಲ್ಪನೆಯೂ ಇವರದೇ. ಮ್ಯಾಡ್ರಿಡ್‌ನ ತಮ್ಮ ಸ್ಟುಡಿಯೋದಲ್ಲಿ ಪಾತ್ರಗಳನ್ನು ಕೈಯಲ್ಲೇ ಬಿಡಿಸಿ, ಬೆಳಕು ನೆರಳನ್ನು ಕಂಪ್ಯೂಟರ್‌ನಲ್ಲಿ ಕೂಡಿಸಿದ್ದಾರೆ. 2020ರಲ್ಲಿ ಬ್ರಿಟನ್ನಿನ ಬಾಫ್ಟಾ ಸಿನಿಮಾ ಪ್ರಶಸ್ತಿ ಬಂತು. ಇನ್ನೊಂದು ಮಾತು, ಸಿನಿಮಾದ ಊರಿನ ಹೆಸರನ್ನೇ ಹೋಲುವ ಸ್ಮೀರೆನ್‌ಬರ್ಗ್ ಅನ್ನೋ ಊರು ನಿಜವಾಗಿಯೂ ಇತ್ತು. 17ನೇ ಶತಮಾನದಲ್ಲಿ, ನಾರ್ವೆಗೂ ಉತ್ತರಕ್ಕಿರುವ ದ್ವೀಪಗಳಾದ ಸ್ವಾಲ್ಬಾರ್ಡ್‌ನಲ್ಲಿ ಡಚ್ಚರು ತಿಮಿಂಗಿಲದ ಕೊಬ್ಬು ಕಾಯಿಸಿ ಎಣ್ಣೆ ತೆಗೆಯುತ್ತಿದ್ದ ಜಾಗ ಅದು. ನಿಮ್ಮ ದೊಡ್ಡ ಮಗುವಿಗೆ ಮ್ಯಾಪ್‌ನಲ್ಲಿ ತೋರಿಸಿ.

ಕೊರತೆ ಇಲ್ಲ ಅನ್ನೋದಿಲ್ಲ. ಜೆಸ್ಪರ್‌ನ ಸುಳ್ಳು ಬಯಲಾಗಿ ಎಲ್ಲರೂ ಮುನಿಸಿಕೊಳ್ಳುವ ಭಾಗ ಬೇರೆ ಸಿನಿಮಾಗಳಲ್ಲೂ ನೋಡಿದ್ದೇ. ಕೊನೆಯ ಬೆನ್ನಟ್ಟುವ ದೃಶ್ಯ ಉದ್ದವಾಯಿತು. ಕ್ಲೌಸ್‌ನ ಹೆಂಡತಿ ತೀರಿಕೊಂಡ ಕತೆ ಬರುತ್ತದೆ, ಏಳು ವರ್ಷದವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಕ್ರಿಸ್‌ಮಸ್ ತಾತ ಸಾಂಟಾ ಕ್ಲಾಸ್‌ನ ಕತೆಯಾದರೂ ಡಿಸೆಂಬರ್‌ಗೆ ಕಾಯಬೇಕಿಲ್ಲ. ನಾವು ಮೊದಲ ಸಲ ನೋಡಿದ್ದು ಬೇಸಿಗೆ ರಜೆಯಲ್ಲಿ.

ನಾವು ಇಂಗ್ಲಿಷ್‌ನಲ್ಲಿ ನೋಡಿದೆವು. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ನೀವೂ ಹಾಗೇ ಮಾಡಿ. ಮಾರ್ಗು ಮಾತಾಡುವಾಗ ಮಾತ್ರ ನಿಲ್ಲಿಸಬೇಡಿ.